ಶನಿವಾರದ ಇಳಿತವನ್ನು ಮೂರು ಗಂಟೆಗೆ ತರುವ ಬಗ್ಗೆ

ಇಂದ:
ಅರ್ಜಿದಾರಳು (ಒಬ್ಬಳ ತಾಯಿ, ಒಬ್ಬರ ಸೊಸೆ),
ಅಡುಗೆಮನೆ ಕಟ್ಟೆ, ಒಲೆಯ ಎಡಬದಿ.

ಗೆ:
ಮುಖ್ಯಾಧಿಕಾರಿಗಳು,
ಉಬ್ಬರ-ಇಳಿತ ಶಾಖೆ, ಸಮುದ್ರ.

ವಿಷಯ: ಇಳಿತವನ್ನು ಎರಡು ಗಂಟೆ ಇಪ್ಪತ್ತು ನಿಮಿಷ ಮುಂಚಿತಗೊಳಿಸುವ ಬಗ್ಗೆ.

ಉಲ್ಲೇಖ: ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಎರಡು ಚೀಟಿಗಳು.

ಮಾನ್ಯರೇ,

1. ಸದರಿ ಅರ್ಜಿದಾರಳು ಮನೆಗೆಲಸದ ನಡುವೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಅಂಚಿನಲ್ಲಿ ಫೋಟೋ ತೆಗೆಯುತ್ತಾಳೆ. ನೀರು ಇಳಿದಾಗ ಕೆಸರಿನ ಬಿಲದಿಂದ ಹೊರಬಂದು, ಒಂದೇ ದೊಡ್ಡ ಕೊಂಡಿ ಬೀಸಿ ಹೆಣ್ಣನ್ನು ಕರೆಯುವ ಏಡಿಯ ಚಿತ್ರ ಅವಳಿಗೆ ಬೇಕಾಗಿರುತ್ತದೆ.

2. ತಮ್ಮ ಇಳಿತದ ವೇಳಾಪಟ್ಟಿಯನ್ನೂ ಅತ್ತೆಯವರ ಮಾತ್ರೆಯ ವೇಳೆಯನ್ನೂ ಅವಳೇ ತಲೆಬರಹವಿಲ್ಲದೆ ಬರೆದು ಅಂಟಿಸಿದ್ದಳು. ಸೋಮವಾರ ಅವಸರದಲ್ಲಿ ಮಾತ್ರೆಯ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಆ ಕಾರಣ ಮೂರು ದಿನವೂ ಬೆಳಿಗ್ಗೆ ಎಂಟಕ್ಕೆ ದಡ ತಲುಪಿ, ತುಂಬಿ ನಿಂತ ನೀರನ್ನು ನೂರಾ ಹನ್ನೆರಡು ಬಾರಿ ಚಿತ್ರಿಸಿದ್ದಾಳೆ.

3. ಅತ್ತೆಯವರು ಮನೆಯಲ್ಲಿ ಉಳಿದ ಚೀಟಿಯಂತೆ ಮೂರು ದಿನ ಮಾತ್ರೆ ನುಂಗಿರುತ್ತಾರೆ. ಬುಧವಾರ ಅವರು, "ಏನಮ್ಮಾ, ಈ ಡಾಕ್ಟರು ದಿನಾ ಮುಕ್ಕಾಲು ಗಂಟೆ ಮುಂದಕ್ಕೆ ಹಾಕ್ತಾನೇ ಹೋದ್ರೆ, ತಿಂಗಳ ಕೊನೇಲಿ ನಾನು ಯಾವಾಗ ನುಂಗೋದು?" ಎಂದಾಗ ವಿಷಯ ಬಯಲಾಯಿತು.

4. ಚಿತ್ರಗಳನ್ನು ನೋಡಿದ ಮನೆಯವರು, "ನೀರೇ ಬೇಕಿದ್ರೆ ಬಚ್ಚಲಲ್ಲಿ ಬಕೆಟ್ ಇತ್ತಲ್ಲೇ" ಎಂದರು. ಭಾನುವಾರದೊಳಗೆ ಒಂದು ಏಡಿಯಾದರೂ ಕಾಣದಿದ್ದರೆ ಕ್ಯಾಮೆರಾ ಮೈದುನನ ಪಾಲು ಎಂದೂ ಸೇರಿಸಿದರು.

5. ಗುರುವಾರ, ಶುಕ್ರವಾರ ಬಿಡುವಿಲ್ಲ; ಉಳಿದಿರುವುದು ಶನಿವಾರ. ಅಂದು ತಮ್ಮ ಇಳಿತ ಸಂಜೆ ಐದೂ ಇಪ್ಪತ್ತಕ್ಕೆ. ಅದು ಮಗಳು ಆಟ ಮುಗಿಸಿ ಬಂದು, ಚಪ್ಪಲಿ ಬಿಡುವ ಮೊದಲೇ "ಹಸಿವು" ಎನ್ನುವ ಹೊತ್ತು. ಅರ್ಜಿದಾರಳ ಕೈ ಬಿಡುವಾಗುವುದು ಮೂರಕ್ಕೆ. ಮಗಳ ಹಸಿವನ್ನು ಮುಂದೂಡಲು ಬರುವುದಿಲ್ಲ. ಆದ್ದರಿಂದ ಸಮುದ್ರವನ್ನೇ...

6. ಇಷ್ಟು ಬರೆಯುವಾಗ ಅತ್ತೆಯವರು ಹಿಂದೆ ನಿಂತು ಪೂರ್ತಿ ಓದಿದ್ದು ಗಮನಕ್ಕೆ ಬಂದಿರುವುದಿಲ್ಲ. "ಮಗೂಗೆ ತಿಂಡಿ ನಾನು ಕೊಡ್ತೀನಿ, ನೀನು ಹೋಗು. ಒಂದು ಏಡಿಗೋಸ್ಕರ ಸಮುದ್ರದ ಕಾಲು ಯಾಕೆ ಹಿಡೀತೀಯ? ನನ್ನನ್ನ ಕೇಳಿದ್ರೆ ಆಗ್ತಿರ್ಲಿಲ್ವಾ?" ಎಂದರು. ಕೇಳಬಹುದಿತ್ತೆಂಬುದು ಅರ್ಜಿದಾರಳಿಗೆ ಸೊಸೆಯಾಗಿ ಬಂದ ಹನ್ನೊಂದು ವರ್ಷಗಳಿಂದ ಹೊಳೆದಿರಲಿಲ್ಲ.

ಆದ ಕಾರಣ, ಮೇಲ್ಕಂಡ ವಿಷಯವನ್ನು ಕೈಬಿಟ್ಟು, ತಾವು ವೇಳಾಪಟ್ಟಿಯಂತೆಯೇ ಇಳಿಯಬೇಕಾಗಿ ಕೋರಿದೆ.

ಇಂತಿ, ಕೆಸರಿಗೆ ಕಾದಿರುವ ತಮ್ಮ ವಿಶ್ವಾಸಿ,
(ಸಹಿ, ಒದ್ದೆ ಕೈಯಲ್ಲಿ)

ಲಗತ್ತು:
ಅ) ನೀರಿನ ಚಿತ್ರಗಳು, 112. ಹಿಂದಿರುಗಿಸುವ ಅಗತ್ಯವಿಲ್ಲ.
ಆ) ಎರಡೂ ಚೀಟಿಗಳ ನಕಲು, ತಲೆಬರಹ ಸಹಿತ.

ವಿ.ಸೂ.: ಅಂದು ಒಂದು ನಿಮಿಷವೂ ತಡಮಾಡಬಾರದಾಗಿ ವಿನಂತಿ. ಮಗಳು ಒಂದೇ ತಟ್ಟೆಗೆ ಸುಮ್ಮನಾಗುವವಳಲ್ಲವೆಂದು ಅತ್ತೆಯವರಿಗೆ ಇನ್ನೂ ತಿಳಿಸಿರುವುದಿಲ್ಲ.