ಎರಡು ತಂಬೂರಿಗಳ ನಡುವೆ ಕೂತವನು

ವಿಜ್ಞಾನ ಓದಿದವರಿಗೆ ದೆವ್ವದ ಭಯ ಇರುವುದಿಲ್ಲ ಎಂಬ ಸುದ್ದಿಯನ್ನು ಹಬ್ಬಿಸಿದವರು ವಿಜ್ಞಾನ ಓದಿದವರೇ ಇರಬೇಕು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಡಾಕ್ಟರೇಟಿಗಾಗಿ ಐದು ವರ್ಷ ಒಂದೇ ಮಾತನ್ನು ಗಣಿತದಲ್ಲಿ ಹೇಳಿದವನು: ಕೆಲವು ಜೋಡಿ ಕಣಗಳ ಕ್ವಾಂಟಂ ಸ್ಥಿತಿ ಇಂಥದೋ ಅಂಥದೋ ಎಂದು ತಿಳಿಯಬೇಕಾದರೆ, ಒಂದನ್ನು ಇಲ್ಲಿ ಇನ್ನೊಂದನ್ನು ಅಲ್ಲಿ ಇಟ್ಟು ಅಳೆದು, ಫೋನಿನಲ್ಲಿ ಎಷ್ಟು ಹರಟಿದರೂ ಪ್ರಯೋಜನವಿಲ್ಲ, ಎರಡನ್ನೂ ಒಟ್ಟಿಗೆ ತಂದು ಒಂದೇ ವಸ್ತುವೆಂಬಂತೆ ಅಳೆಯಬೇಕು. ಇದು ಅರ್ಥವಾದದ್ದು ನನ್ನ ಗೈಡ್ ಒಬ್ಬರಿಗೇ, ಅದೂ ಸಹಿ ಹಾಕುವ ದಿನ.

ನನ್ನ ಅತ್ತೆಯವರು ಸಂಗೀತದ ಟೀಚರು. ಅವರು ಹೋದ ಮೇಲೆ ಅವರ ಜೋಡಿ ತಂಬೂರಿಯಲ್ಲಿ ಒಂದು ಬಸವನಗುಡಿಯ ನಮ್ಮ ಮನೆಗೆ, ಇನ್ನೊಂದು ಮಲ್ಲೇಶ್ವರದ ನಾದಿನಿಯ ಮನೆಗೆ ಬಂತು. ಎರಡು ವರ್ಷ ಕಳೆದು, ಜಾಗವಿಲ್ಲವೆಂದು ನಾದಿನಿ ತನ್ನದನ್ನು ಮಾವಳ್ಳಿಯ ಒಬ್ಬ ಸಂಗೀತ ಪಾಠದವರಿಗೆ ಮಾರಲು ಹೊರಟಳು. "ಜೋಡಿ ನಾದ ಇನ್ನೂ ಉಳಿದಿದ್ರೆ ಎರಡೂ ನಮ್ಮನೇಲೇ ಇರ್ಲಿ, ಇಲ್ದಿದ್ರೆ ಮಾರ್ಬಿಡು" ಎಂದಳು ನನ್ನ ಹೆಂಡತಿ. ಅಮ್ಮನದು ಎನ್ನುವಂಥದ್ದು ಅವಳಿಗೆ ಬೇರೇನೂ ಉಳಿದಿರಲಿಲ್ಲ. ಪರೀಕ್ಷೆಯ ಹೊಣೆ ನನ್ನ ತಲೆಗೆ ಬಿತ್ತು. ನಾನು ಮಾಡಿದ್ದೇನು? ಇಲ್ಲಿ ಒಂದನ್ನು ಮೀಟಿಸಿ, ಅಲ್ಲಿ ಇನ್ನೊಂದನ್ನು ಮೀಟಿಸಿ, ವಾರವಿಡೀ ನಾದಿನಿಗೆ ಫೋನು ಮಾಡಿದೆ. ಬೇರೆಬೇರೆಯಾಗಿ ಎರಡೂ ಚೆನ್ನಾಗಿಯೇ ಇದ್ದವು, ಜೋಡಿಯ ವಿಷಯ ಮಾತ್ರ ಏನೂ ಗೊತ್ತಾಗಲಿಲ್ಲ. "ರೀ, ನೀವು ಬರೆದಿದ್ದನ್ನ ನೀವೇ ಓದಿಲ್ವಾ?" ಎಂದಳು ಹೆಂಡತಿ.

ಭಾನುವಾರ ಮಧ್ಯಾಹ್ನ ನಾದಿನಿ ತಂಬೂರಿಯನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು ಆಟೋದಲ್ಲಿ ಬಂದಳು. ಕರೆಂಟು ಹೋಗಿತ್ತು, ಫ್ಯಾನು ನಿಂತು ನಡುಮನೆ ಗಪ್ಪೆಂದಿತ್ತು. ಶ್ರುತಿ ಮಾಡಿಕೊಂಡು ಅಕ್ಕ ಒಂದು ಮೂಲೆಯಲ್ಲಿ, ತಂಗಿ ಇನ್ನೊಂದು ಮೂಲೆಯಲ್ಲಿ ಕೂತರು. ಇಬ್ಬರ ಕಿವಿಯೂ ಅವರವರ ತಂಬೂರಿಗೆ ಅಂಟಿತ್ತು. ಸರಿಯಾಗಿ ನಡುವೆ ಕೂತವನು ನಾನೊಬ್ಬನೇ.

ಸ್ವಲ್ಪ ಹೊತ್ತು ಎರಡು ನಾದ ಕೇಳಿಸಿದವು. ಆಮೇಲೆ ಒಂದೇ ಆಯಿತು. ಆಮೇಲೆ ಯಾರೂ ಮೀಟದ ಒಂದು ದನಿ ಅದರೊಳಗಿಂದ ಎದ್ದಿತು. ಉಪಸ್ವರಗಳು ಕೂಡಿದಾಗ ಹೀಗಾಗುತ್ತದೆ ಎಂದು ಒಂದು ಗಂಟೆ ಪಾಠ ಮಾಡಬಲ್ಲೆ. ಆದರೆ ಆ ದನಿ "ಹೂಂ" ಎನ್ನುತ್ತಿತ್ತು. ನಾನು ಏನನ್ನಾದರೂ ವಿವರಿಸಲು ಹೊರಟಾಗಲೆಲ್ಲ ಅತ್ತೆಯವರು ನಂಬದೆ ಮೂಗಿನಲ್ಲಿ ಎಳೆಯುತ್ತಿದ್ದ ಅದೇ ಹೂಂ. ಅದು ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು. ತಿರುಗಿ ನೋಡಿದೆ, ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಒಂದು ತಂಬೂರಿ ನಿಂತರೆ ದನಿ ನಿಲ್ಲುತ್ತಿತ್ತು, ಎರಡೂ ಸೇರಿದರೆ ಮತ್ತೆ ಶುರು. ನಾನು ಮೆಲ್ಲಗೆ ಗೋಡೆಯಿಂದ ಒಂದು ಗೇಣು ಮುಂದೆ ಸರಿದೆ.

"ಏನಾದ್ರೂ ಕೇಳಿಸ್ತಾ ಭಾವ?" ಎಂದಳು ನಾದಿನಿ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಿಸಿತು ಎಂದರೆ ಆ ಜೋಡಿಯ ಜೊತೆ ಒಂದೇ ಸೂರಿನಡಿ ಬಾಳಬೇಕು. "ಇಲ್ಲಮ್ಮ, ಹೊಂದಿಕೆ ಹೋಗಿದೆ" ಎಂದುಬಿಟ್ಟೆ.

ಒಂದು ಮಾವಳ್ಳಿಗೆ ಹೋಯಿತು. ಉಳಿದದ್ದನ್ನು ಹೆಂಡತಿ ದಿನಾ ಸಂಜೆ ಒಬ್ಬಳೇ ಮೀಟುತ್ತಾಳೆ, ನಡುನಡುವೆ ಕೈ ತಡೆದು ಏನನ್ನೋ ಕಾಯುತ್ತಾಳೆ. "ಅವತ್ತು ನಿಜವಾಗ್ಲೂ ಏನೂ ಕೇಳಿಸ್ಲಿಲ್ವಾ?" ಎಂದು ಒಮ್ಮೊಮ್ಮೆ ಕೇಳುತ್ತಾಳೆ. ನನಗೆ ನಾಚಿಕೆಯಾಗುತ್ತದೆ. ದೆವ್ವಕ್ಕಿಂತ ಈಗ ಆ ಪ್ರಶ್ನೆಗೇ ಹೆಚ್ಚು ಹೆದರಿ, ಅವಳು ತಂಬೂರಿಯ ಗವಸು ಬಿಚ್ಚುತ್ತಿದ್ದ ಹಾಗೆ ನಾನು ಚೀಲ ಹಿಡಿದು ಗಾಂಧಿ ಬಜಾರಿಗೆ ಹೊರಡುತ್ತೇನೆ. ಮನೆಯಲ್ಲಿ ತಿನ್ನುವವರಿಲ್ಲದೆ ಬದನೆಕಾಯಿ ಕೊಳೆಯುತ್ತಿದೆ.