ವನಜಕ್ಕನ ಹಿತ್ತಲ ಗಾಳಿ

ಪ್ರೇಮಾನಂದನ ಹೊಸ ಮನೆಗೆ ಹನ್ನೆರಡು ಕಿಟಕಿಗಳಿದ್ದವು, ಗಾಳಿ ಮಾತ್ರ ಇರಲಿಲ್ಲ. ಉಪ್ಪುಂದದ ಧೂಳಿಗೂ ಸೊಳ್ಳೆಗೂ ಹೆದರಿ ಎಲ್ಲಕ್ಕೂ ಗಾಜು ಜಡಿಸಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಗೆಲ್ಲ ಬೂಸಲು ಹಿಡಿದು, ಹೆಂಡತಿ ರತ್ನ ಮಾತಿಗೊಂದು ಸೀನತೊಡಗಿದಳು.

"ಇದೊಂದ್ ಸರಿ ಆಯ್ಲಿಲ್ಲ ಅಂದ್ರೆ ನಾ ತೆಕ್ಕಟ್ಟೆಗೆ ಅಪ್ಪಯ್ಯನ ಮನಿಗೆ ಹೋತೆ," ಎಂದಳು.

ಬೋಟಿನ ಇಂಜಿನ್ ರಿಪೇರಿ ಮಾಡುವ ಪ್ರೇಮಾನಂದನಿಗೆ ಎಲ್ಲ ರೋಗಕ್ಕೂ ಮಿಷನ್ನೇ ಮದ್ದು. ಹೊರಗಿನ ಗಾಳಿ ಎಳೆದು ಮನೆಯೊಳಗೆ ಬಿಡುವ ಮಿಷನ್ ತರಿಸಿದ. ಅದನ್ನು ಕೂರಿಸಲು ಕುಂದಾಪುರದಿಂದ ಸುಜನ್ ಬಂದ.

"ಗೋಡಿಗೆ ತೂತ್ ಒಂದೇ. ಹೊಗಿ, ನಾತ ಇಲ್ದಿದ್ ಬದಿ ತೋರ್ಸಿ. ಮೂರ್ ಗಂಟಿ ಬಸ್ಸಿಗೆ ನಂಗ್ ಹೋಯ್ಕ್," ಎಂದ ಸುಜನ್.

ಪ್ರೇಮಾನಂದ ಮೂಗನ್ನು ಮುಂದೆ ಮಾಡಿಕೊಂಡು ಮನೆ ಸುತ್ತಿದ. ಪೂರ್ವಕ್ಕೆ ಪಕ್ಕದ ಮನೆ ಪದ್ದುವಿನ ಬಚ್ಚಲೊಲೆ. "ಇಲ್ಲಿ ಬ್ಯಾಡ, ಹೊಗಿ," ಎಂದದ್ದೇ ತಡ, ಬೇಲಿಯ ಮೇಲೆ ಪದ್ದುವಿನ ತಲೆ ಎದ್ದಿತು.

"ಹ್ವಾಯ್, ಎಂತ ಹೊಗಿ? ನೀವ್ ಇಲ್ಲಿಗ್ ಬಪ್ಪು ಮುಂಚಿಂದ್ಲೂ ಇಪ್ಪು ಒಲಿ ಅದ್!"

ಉತ್ತರಕ್ಕೆ ಜಲಜಳ ಹಟ್ಟಿ. ಪ್ರೇಮಾನಂದ ಬಾಯಿ ಬಿಡಲಿಲ್ಲ, ಮೂಗನ್ನಷ್ಟೇ ಮುಚ್ಚಿಕೊಂಡ. ಅಷ್ಟೇ ಸಾಕಾಯಿತು.

"ನನ್ನ ದನದ ಸಗಣಿ ನಾತವಾ? ದಿನಾ ಹಾಲ್ ಕುಡಿವತಿಗೆ ಬರ್ದಿದ್ ನಾತ ಇವತ್ತ್ ಎಲ್ಲಿಂದ ಬಂತ್? ನಾಳಿಂದ ಹಾಲಿಲ್ಲೆ!"

ಪಶ್ಚಿಮಕ್ಕೆ ರಿಕ್ಷಾ ಸ್ಟ್ಯಾಂಡ್. ರಿಕ್ಷಾಗಳ ಹೊಗೆ ಕಂಡು ಹಿಂದೆ ತಿರುಗಿದ. ಮಧ್ಯಾಹ್ನದ ಹೊತ್ತಿಗೆ ನೆರೆಕರೆಯ ಮುಖಗಳೆಲ್ಲ ಹಲಸಿನ ಸಿಪ್ಪೆಯಂತಾಗಿದ್ದವು.

ಉಳಿದದ್ದು ದಕ್ಷಿಣ. ಅಲ್ಲಿ ವನಜಕ್ಕನ ಖಾಲಿ ಹೊಯ್ಗೆ ಹಿತ್ತಲು, ಬರೀ ಮರಳು. ಅದರ ಮೇಲೆ ಓರೆಯಾಗಿ ಹಾಯ್ದು ಬರುವ ಕಡಲಗಾಳಿ. ಆದರೆ ಮಿಷನ್ನಿಗೆ ಗಾಳಿ ಎಳೆಯುವ ಪೈಪಿನ ಮೂತಿ ಅವಳ ಜಾಗಕ್ಕೆ ಗೇಣುದ್ದ ಚಾಚಬೇಕು. ಇನ್ನೊಂದು ಜಗಳಕ್ಕೆ ತ್ರಾಣವಿಲ್ಲದ ಪ್ರೇಮಾನಂದ ನಾಲಿಗೆಗೆ ಬೆಣ್ಣೆ ಸವರಿಕೊಂಡ.

"ವನಜಕ್ಕ, ಇಡೀ ಉಪ್ಪುಂದದಲ್ಲಿ ನಿಮ್ಮ ಹಿತ್ಲಂಥ ಗಾಳಿ ಇಲ್ಲೆ ಕಾಣಿ! ಎಷ್ಟ್ ಚೊಕ್ಕ! ಬಿಸ್ಲೂ ಅಷ್ಟೇ, ಒಂಚೂರೂ ಅಡ್ಡ ಇಲ್ಲೆ! ಈ ಬದಿ ಗೋಡಿಗ್ ಒಂದ್ ತೂತ್ ಹಾಕಿ, ಪೈಪ್ ಒಂಚೂರ್ ಈಚಿಗ್ ಬಿಡ್ಲಾ?"

ವರ್ಷಗಳಿಂದ ಯಾರ ಹೊಗಳಿಕೆಯನ್ನೂ ಕೇಳದ ವನಜಕ್ಕ ತನ್ನ ಹಿತ್ತಲನ್ನು ಹೊಸ ಸೊಸೆಯನ್ನು ನೋಡುವಂತೆ ನೋಡಿದಳು.

"ಹೌದಾ ಮಾರಾಯ್ರೆ? ನಂಗ್ ಗೊತ್ತೇ ಇರ್ಲಿಲ್ಲ. ಹಾಕ್ಕಣಿ ತೂತ್."

ಗೋಡೆ ಕೊರೆದದ್ದಾಯಿತು, ಮಿಷನ್ ಗುಂಯ್ ಎಂದಿತು, ಸುಜನ್ ಬಸ್ಸಿಗೆ ಓಡಿದ. ರತ್ನ ಅರ್ಧ ಗಂಟೆ ಗಾಳಿಗೆ ಮುಖವೊಡ್ಡಿ ಕೂತಳು. ಒಂದೂ ಸೀನಿಲ್ಲ! "ಅಂತೂ ನಿಮ್ಗೂ ತಲಿ ಇತ್ತ್," ಎಂದಳು. ಯುದ್ಧ ಗೆದ್ದ ರಾಜನಂತೆ ಪ್ರೇಮಾನಂದ ಹಾಸಿಗೆಗೆ ಒರಗಿದ.

ನಾಲ್ಕು ಗಂಟೆಗೆ ಅವನನ್ನು ಎಬ್ಬಿಸಿದ್ದು ಮೂಗು. ಕೋಣೆಯ ತುಂಬ ಚಟ್ಲಿಯ, ಅಂದರೆ ಸಿಗಡಿ ಮೀನಿನ, ನಾತ! ಊಟದ ಬಟ್ಟಲಿನಲ್ಲಾದರೆ ಒಣ ಚಟ್ಲಿಗೆ ಅವನು ಪ್ರಾಣ ಬಿಡುತ್ತಿದ್ದ; ಈಗ ತಲೆದಿಂಬಿನಲ್ಲೇ ಪ್ರಾಣ ಹೋಗುವಂತಿತ್ತು. ಹೊರಗೋಡಿದ.

ವನಜಕ್ಕನ ಹಿತ್ತಲಲ್ಲಿ ಹೊಯ್ಗೆಯೇ ಕಾಣುತ್ತಿರಲಿಲ್ಲ. ಬೇಲಿಯಿಂದ ಪೈಪಿನ ಬುಡದವರೆಗೂ ಚಾಪೆಗಳು, ಚಾಪೆಗಳ ತುಂಬ ಹಸಿ ಚಟ್ಲಿ.

"ವನಜಕ್ಕ, ಎಂತ ಇದ್?"

"ನೀವೇ ಹೇಳಿದ್ರಿಯಲೆ, ಇಂಥ ಗಾಳಿ, ಬಿಸ್ಲ್ ಊರಲ್ಲೇ ಇಲ್ಲೆ ಅಂದ್ಕಂಡ್! ಕೂಡ್ಲೇ ಬೈಂದೂರ್ ತಂಗಿಗೆ ಫೋನ್ ಮಾಡಿ ಆರ್ ಬುಟ್ಟಿ ತರ್ಸ್ದೆ. ಇನ್ನ್ ದಿನಾ ಇದೇ ಯಾಪಾರ," ಎನ್ನುತ್ತ ವನಜಕ್ಕ ಪೈಪಿನ ಮೂತಿಯನ್ನು ಪ್ರೀತಿಯಿಂದ ತಟ್ಟಿದಳು. "ನಿಮ್ಮ ಮಿಷನ್ ಗಾಳಿ ಎಳುದಕ್ಕೆ ಇಲ್ಲಿದ್ದದ್ದ್ ಬೇಗ ಒಣಗತ್ತ್ ಕಾಣಿ. ದಮ್ಮಯ್ಯ, ಬಂದ್ ಮಾತ್ರ ಮಾಡ್ಬೇಡಿ!"