ಮಗಳ ಫೋನಿನ ಪರವಾಗಿ ನನ್ನ ವಾದ

ಮಗಳು ಅನನ್ಯಳ ಫೋನನ್ನು ಶಾಲೆಯವರು ಕಿತ್ತುಕೊಂಡರೆಂಬ ಸುದ್ದಿ ಬಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಘಾಟ್ಕೋಪರ್‌ನ ನಮ್ಮ ಸೊಸೈಟಿ ಮೀಟಿಂಗಿನಲ್ಲಿ ನಾನು ಖಾಸಗಿತನದ ಹಕ್ಕಿನ ಬಗ್ಗೆ ಮಾತಾಡಲು ಎದ್ದರೆ, ಎಲ್ಲರಿಗೂ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. ಈಗ ಕೇಳಲೇಬೇಕಾದವರು ಸಿಕ್ಕಿದ್ದರು!

"ಭಾಷಣ ಬೇಡ ಕಣ್ರೀ, ಫೋನ್ ಇಸ್ಕೊಂಡು ಬನ್ನಿ ಸಾಕು" ಎಂದಳು ಹೆಂಡತಿ.

ಆರೋಪ ಇಷ್ಟೇ. ಬಿಡುವಿನಲ್ಲಿ ಅನನ್ಯ ಫೋನ್ ನೋಡಿ ನಕ್ಕಳು. ಗಣಿತದ ಸರ್ ಇಣುಕಿದರು. ಪರದೆಯಲ್ಲಿ ತೆಂಗಿನಕಾಯಿಯ ಚಿತ್ರ. ಸರ್ ತಲೆಯಲ್ಲಿ ಕೂದಲಿಲ್ಲ. ಲೆಕ್ಕ ಅವರೇ ಕೂಡಿಸಿಕೊಂಡರು! ಫೋನ್ ತೆರೆದು ತೋರಿಸದಿದ್ದರೆ, ಅವಳು ವರ್ಷವಿಡೀ ಕಾದಿದ್ದ ಶಾಲಾ ಪ್ರವಾಸಕ್ಕೆ ಕತ್ತರಿ.

ಪ್ರಿನ್ಸಿಪಾಲ್ ಮೇಡಂ ಕೋಣೆಯಲ್ಲಿ ಗಣಿತದ ಸರ್, ಅನನ್ಯ ಇಬ್ಬರೂ ಕೂತಿದ್ದರು. ಮೇಡಂ ಮುಂದೆ ನಾನು ನನ್ನ ಮೈಸೂರು ಹಿಂದಿಯಲ್ಲಿ ಗುಡುಗಿದೆ: "ಮಗುವಿನ ಫೋನ್ ಓದಲು ನಿಮಗೇನು ಅಧಿಕಾರ? ಹೆತ್ತ ತಂದೆ, ನನಗೇ ಇಲ್ಲ!"

ಅನನ್ಯ ನನ್ನನ್ನು ಹೆಮ್ಮೆಯಿಂದ ನೋಡಿದಳು. ನನ್ನ ಎದೆ ಉಬ್ಬಿತು.

ಮೇಡಂ ಸುಸ್ತಾಗಿ ಫೋನನ್ನು ಮೇಜಿನ ಮೇಲಿಟ್ಟರು. "ಠೀಕ್ ಹೈ, ತಗೊಂಡು ಹೋಗಿ. ಓದಿದರೂ ನಮಗೆ ತಿಳಿಯದು. ಸರ್ ಕಂಡದ್ದೆಲ್ಲ ನಿಮ್ಮ ಕನ್ನಡ ಅಕ್ಷರ."

ಗೆದ್ದಿದ್ದೆ. ಎದ್ದು ಬರಬೇಕಿತ್ತು.

ಆದರೆ ಕನ್ನಡ! "ಊಟ ಆಯ್ತಾ?" ಎಂದರೆ "ಹೋ ಗಯಾ" ಎನ್ನುವ ನನ್ನ ಮಗಳು ಕನ್ನಡ ಬರೆಯುತ್ತಾಳೆ! ಹಕ್ಕು, ಅಧಿಕಾರ ಎಲ್ಲ ತಲೆಯಿಂದ ಹಾರಿಹೋಯಿತು.

"ಪುಟ್ಟಿ, ಲಾಕ್ ತೆಗಿ!"

"ಅಪ್ಪಾ, ಪ್ಲೀಸ್... ಮತ್ ಪಢೋ." ಓದಬೇಡವೆಂದು ಹಿಂದಿಯಲ್ಲೇ ಬೇಡಿಕೊಂಡಳು.

"ನಾಚ್ಕೋಬೇಡ, ಒತ್ತಕ್ಷರ ತಪ್ಪಿದ್ರೆ ನಾನು ತಿದ್ತೀನಿ!" ಒಲ್ಲದ ಮನಸ್ಸಿನಿಂದ ಲಾಕ್ ತೆಗೆದಳು.

ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ಬರೆದದ್ದು. ನಾನು ಏರಿಳಿತ ಸಹಿತ ಓದುತ್ತಾ, ಸಾಲುಸಾಲಿಗೆ ಹಿಂದಿಯಲ್ಲಿ ಅನುವಾದಿಸಿದೆ: "ಅಜ್ಜಿ, ತೆಂಗಿನಕಾಯಿ ಇವತ್ತೂ ಬೆಳಿಗ್ಗೆನೇ ಭಾಷಣ ಶುರು ಮಾಡ್ತು. ಅಮ್ಮ ಕಿವೀಲಿ ಹತ್ತಿ ಇಟ್ಕೊಂಡು ದೋಸೆ ಹುಯ್ದಳು."

ಉತ್ತರವೂ ಇತ್ತು. ಬಾಯಿ ಓಡುತ್ತಿತ್ತು, ನಿಲ್ಲಲಿಲ್ಲ: "ನನ್ನ ಮಗ ಚಿಕ್ಕವನಿದ್ದಾಗ್ಲೂ ಹಾಗೇ ಕಣೇ. ಹೂಂ ಅಂತಿರು, ತಾನೇ ಸುಸ್ತಾಗ್ತಾನೆ."

ಗಣಿತದ ಸರ್ ನನ್ನ ಬೋಳು ತಲೆಯನ್ನು ನೋಡಿದರು. ಅವರ ಮುಖ ಅರಳಿತು. ಎದ್ದು ಬಂದು ನನ್ನ ಕೈ ಕುಲುಕಿದರು. ಮೇಡಂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡೇ ಪ್ರವಾಸಕ್ಕೆ ಒಪ್ಪಿಗೆ ಕೊಟ್ಟರು.

ದಾರಿಯುದ್ದಕ್ಕೂ ಅನನ್ಯ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ನನಗೆ ನಿಜವಾಗಿ ಭಯವಾಯಿತು.

"ಅಂತೂ ಸ್ಕೂಲ್‌ನವರಿಂದ ನಿನ್ನ ಫೋನ್ ಉಳಿಸಿದೆ" ಎಂದೆ.

"ಅವರು ಓದಲಿಲ್ಲ ಅಪ್ಪಾ. ನೀನು ಓದಿದೆ. ಎಲ್ಲರಿಗೂ ಓದಿ ಹೇಳಿದೆ."

ಒಂದೂ ಹಿಂದಿ ಪದವಿಲ್ಲದ ಅಚ್ಚ ಕನ್ನಡ! ಶಹಬ್ಬಾಸ್ ಎನ್ನಲು ಬಾಯಿ ಬರಲಿಲ್ಲ.